ಲಕೋಟೆಯ ಮೇಲಿನ ಹೆಸರು

ಬನಹಟ್ಟಿ
14 ಅಕ್ಟೋಬರ್ 2025

ನಮ್ಮ ಮನೆಯವರಿಗೆ,

ನಿನ್ನೆ ಫೋನಿನಲ್ಲಿ ನೀವು "ಮತ್ತೇನ ವಿಶೇಷಾ?" ಅಂತ ಕೇಳುತ್ತಲೇ ಇದ್ದಿರಿ, ನಾನು "ಏನಿಲ್ಲರಿ" ಅನ್ನುತ್ತಲೇ ಇದ್ದೆ. ಸುತ್ತ ಎಷ್ಟು ಕಿವಿ ಇದ್ದವು ಗೊತ್ತೇ? ಅತ್ತೆ ಸ್ಪೀಕರ್ ಹಾಕಿಸಿದ್ದರು. ಮಾವ ಮಗ್ಗ ನಿಲ್ಲಿಸದೆ ಅಲ್ಲಿಂದಲೇ ಕೂಗಿ ಮಾತಾಡುತ್ತಿದ್ದರು. ನಿಮ್ಮ ಮಗಳು ಮಾಯಾ ಫೋನನ್ನೇ ಬಾಯಿಗಿಟ್ಟುಕೊಂಡಿದ್ದಳು. ನಾಲ್ಕು ಪವರ್‌ಲೂಮು ಒಟ್ಟಿಗೆ ಬಡಿಯುವ ಮನೆಯಲ್ಲಿ ಹೆಂಡತಿ ಗಂಡನಿಗೆ ಒಂದು ಮಾತು ಹೇಳಬೇಕೆಂದರೆ ಓಣಿಗೆಲ್ಲ ಕೇಳುವ ಹಾಗೆ ಕೂಗಬೇಕು. ನನಗೆ ಹೇಳಬೇಕಾದದ್ದು ಕೂಗಿ ಹೇಳುವಂಥದ್ದಲ್ಲ. ಅದಕ್ಕೇ ಈ ಪತ್ರ. ನಗಬೇಡಿ.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದದ್ದು ನಾನಲ್ಲ, ನಿಮ್ಮ ತಂಗಿ ಶ್ರೀದೇವಿ. "ಏ ವೈನಿ, ಪಿಯುಸಿ ಕಲ್ತಾಕಿ ನೀ. ಬ್ಯಾಂಕಿನ್ಯಾಗ ಅಣ್ಣನ ಹೆಸರ ಹೇಳ್ತಿ, ಇಲ್ಲ್ಯಾಕ ಬರಿಯಂಗಿಲ್ಲ?" ಅಂದಳು. ಬ್ಯಾಂಕಿನ ಮಾತು ಬೇರೆ. ಅವರು ನನ್ನ ಗಂಡನನ್ನು ಕೇಳುವುದಿಲ್ಲ, ಖಾತೆದಾರನನ್ನು ಕೇಳುತ್ತಾರೆ. ನಾನಾಗಿಯೇ ಬರೆಯಲು ಕೂತರೆ ಕೈ ಏಳುವುದಿಲ್ಲ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಮ್ಮವ್ವ ಹೇಳಿದ್ದನ್ನು ನಾನೇನು ನಂಬುವುದಿಲ್ಲ. ಆದರೆ ನೀವು ಅಷ್ಟು ದೂರ ಇರುವಾಗ ನಂಬದೇ ಇರುವ ಧೈರ್ಯವೂ ಇಲ್ಲ.

ನಮ್ಮ ಸೀರೆ ಕೊಳ್ಳುವ ರಬಕವಿಯ ಅಂದಾನೆಪ್ಪ ಸಾವಕಾರರು ಮೊನ್ನೆ ಬಂದಿದ್ದರು. "ನಿನ್ನ ಗಂಡ ಜೋಡಸೋ ಗಾಡಿ ತಗೋಬೇಕಂತ ಭಾಳ ಮನಸೈತಿ. ಆದ್ರ ಈಗ ಬ್ಯಾಡ. ಪರದೇಶದ ಗಾಡಿ ಮ್ಯಾಲಿನ ಸುಂಕ ಇಳಸೋ ಮಾತು ನಡದೈತಿ. ಸ್ವಲ್ಪ ತಡದ್ರ ಅಲ್ಲೇ ತಯಾರಾದ ಗಾಡಿನ ಸೋವಿ ಸಿಗ್ತೈತಿ" ಅಂದರು. ಸುಂಕ ಇಳಿದರೆ ನಿಮಗೇನಾಗುತ್ತದೆ? ನನಗೆ ತಿಳಿಯುವ ಹಾಗೆ ಬರೆಯಿರಿ.

ದಸರೆಗೆ ಬಂದಾಗ ನೀವು ಬಿಟ್ಟುಹೋದ ಟವೆಲ್ಲನ್ನು ನಾನಿನ್ನೂ ಒಗೆದಿಲ್ಲ. ಇದನ್ನು ಸ್ಪೀಕರಿನಲ್ಲಿ ಹೇಗೆ ಹೇಳಲಿ?

ನಿಮ್ಮ,
ಕಾಂಚನಾ

•

ಚಾಕಣ, ಪುಣೆ
2 ನವೆಂಬರ್ 2025

ಕಾಂಚನಾಗೆ,

ನಿನ್ನ ಪತ್ರ ಕಾರ್ಖಾನೆಯ ಗೇಟಿನಲ್ಲಿ ಸಿಕ್ಕಿತು. ಶ್ರೀದೇವಿಯ ಅಕ್ಷರ ನೋಡಿ ತಂಗಿ ಬರೆದಿದ್ದಾಳೆ ಅಂದುಕೊಂಡು ಒಡೆದೆ, ಒಳಗೆ ನೀನಿದ್ದೆ. ನನ್ನ ಖೋಲಿಗೆ ಹಗಲೆಲ್ಲ ಬೀಗ ಇರುತ್ತದೆ, ಮುಂದೆಯೂ ಕಾರ್ಖಾನೆಗೇ ಬರೆ.

ಸುಂಕದ ವಿಷಯ ಕೇಳಿದ್ದೀ. ಹೊರದೇಶದಲ್ಲಿ ಪೂರ್ತಿ ತಯಾರಾದ ಕಾರು ಹಡಗಿನಲ್ಲಿ ಬಂದರೆ ಸರ್ಕಾರ ಅದರ ಬೆಲೆಯ ಹತ್ತಿರಹತ್ತಿರದಷ್ಟೇ ಸುಂಕ ಹಾಕುತ್ತದೆ. ಅದೇ ಕಾರು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಣೆಯಾದರೆ ಸುಂಕ ಬಹಳ ಕಡಿಮೆ. ಎಂಜಿನ್ನಿಗೆ ಗೇರ್‌ಬಾಕ್ಸು ಮೊದಲೇ ಕೂಡಿಸಿ ಕಳಿಸಿದರೂ ಸುಂಕ ಏರುತ್ತದೆ. ಹಾಗಾಗಿ ಅಲ್ಲಿಯವರು ಕೂಡಿಸಬಲ್ಲವರಾದರೂ ಕೂಡಿಸದೆ ಕಳಿಸುತ್ತಾರೆ, ಇಲ್ಲಿ ನಾನು ಕೂಡಿಸುತ್ತೇನೆ. ನಮ್ಮ ಅನ್ನ ಇರುವುದು ಆ ಸುಂಕದೊಳಗೆ. ಅದು ಇಳಿದರೆ ಕಾರು ಅಲ್ಲಿಂದಲೇ ತಯಾರಾಗಿ ಬರುತ್ತದೆ, ನನಗೆ ಕೂಡಿಸಲು ಏನೂ ಉಳಿಯುವುದಿಲ್ಲ. ಸಾವಕಾರರಿಗೆ ಹೇಳು, ಕಾಯಬೇಡಿ ಅಂತ. ಅವರಂಥವರೆಲ್ಲ ಕಾಯುತ್ತ ಕೂತಿದ್ದಕ್ಕೇ ಈಗಾಗಲೇ ನಮ್ಮ ಜೋಡಣೆಯ ಸಾಲು ನಿಧಾನವಾಗಿದೆ.

ಎಂಜಿನ್ನನ್ನು ಕೆಳಗಿಟ್ಟು, ಮೇಲಿನಿಂದ ಬಾಡಿಯನ್ನು ಇಳಿಸಿ ಸೇರಿಸುವ ಜಾಗಕ್ಕೆ ಇಲ್ಲಿ ಎಲ್ಲರೂ ಮ್ಯಾರೇಜ್ ಅನ್ನುತ್ತಾರೆ. ಮದುವೆ. ದಿನಾ ನಿಂತು ಮದುವೆ ಮಾಡಿಸುತ್ತೇನೆ ಕಾಂಚನಾ, ನಮ್ಮದು ಮಾತ್ರ ಎರಡು ಪೆಟ್ಟಿಗೆಯಲ್ಲಿ ಉಳಿದಿದೆ.

ಇಲ್ಲಿ ನನ್ನನ್ನು ಟೋಕನ್ ನಂಬರಿನಿಂದ ಕರೆಯುತ್ತಾರೆ, 4417. ಖೋಲಿಯ ಹುಡುಗರಿಗೆ ನಾನು ಅಣ್ಣಾ. ಅವ್ವನಿಗೆ ಪರಮು. ನಿನಗೆ ಬರೀ "ಏನ್ರಿ". ಪೂರ್ತಿ ಹೆಸರನ್ನು ಬಾಯಿತುಂಬ ಹೇಳಿದವಳು ನೀನೇ, ಮದುವೆಯಾಗಿ ಮನೆಗೆ ಬಂದ ದಿನ. ಹೆಂಗಸರೆಲ್ಲ ಹೊಸ್ತಿಲಲ್ಲಿ ನಿನ್ನನ್ನು ಅಡ್ಡಗಟ್ಟಿ, ಗಂಡನ ಹೆಸರು ಹೇಳಿ ಒಳಗೆ ಬಾ ಅಂದರಲ್ಲ. ನೀನು ಕೆಳಗೆ ನೋಡುತ್ತ ಹೇಳಿದ ಒಡಪು ನನಗೆ ಇಂದಿಗೂ ಬಾಯಿಪಾಠ.

"ಕೃಷ್ಣಾ ಹೊಳಿ ದಂಡ್ಯಾಗ ಬಿಳಿಜ್ವಾಳದ ತೆನಿ,
ಪರಮಾನಂದ ಇದ್ದಲ್ಲೇ ನನ್ನ ಮನಿ."

ಅದೇ ಮೊದಲು, ಅದೇ ಕೊನೆ. ಒಂದು ಸಲ ಲಕೋಟೆಯ ಮೇಲೆ ನೀನೇ ಬರೆ. ನಿನ್ನ ಅಕ್ಷರದಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ಅಂತ ನೋಡುವ ಆಸೆ.

ನಿನ್ನ,
ಪರಮಾನಂದ

•

ಬನಹಟ್ಟಿ
9 ಫೆಬ್ರವರಿ 2026

ನಮ್ಮ ಮನೆಯವರಿಗೆ,

ಬರೆಯುವುದಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಹೆಂಡತಿ ಬೇಕಿದ್ದರೆ ಮೊದಲೇ ನೋಡಿಕೊಳ್ಳಬೇಕಿತ್ತು.

ದೀಪಾವಳಿಗೆ ಬರುತ್ತೇನೆ ಅಂದಿರಿ, ಬರಲಿಲ್ಲ. ಸಂಕ್ರಾಂತಿಗೆ ಅಂದಿರಿ. ಹೊಳೆಗೆ ಹೋಗಿ ಬುತ್ತಿ ಬಿಚ್ಚಿದಾಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಂದು ಪಾಲು ಉಳಿಯಿತು. ಅತ್ತೆ ಅದನ್ನು ಯಾರಿಗೂ ಕೊಡದೆ ಮತ್ತೆ ಕಟ್ಟಿಕೊಂಡು ಬಂದರು.

ಪರದೇಶದ ಜೊತೆಗಿನ ವ್ಯಾಪಾರ ಒಪ್ಪಂದದ ಸುದ್ದಿ ಟಿವಿಯಲ್ಲಿ ಬಂದ ದಿನ ಸಾವಕಾರರು ಪೇಡೆ ತಂದಿದ್ದರು. "ಆತು, ಇನ್ನ ಸುಂಕ ಇಳಿಯೂದ ಖರೆ" ಅಂದರು. ಕಾಯಬೇಡಿ ಅಂತ ಹೇಳು ಎಂದು ನೀವು ಬರೆದಿದ್ದಿರಿ. ನಾನು ಹೇಳಲಿಲ್ಲ. ಕಾಯಲಿ ಅಂತಲೇ ಸುಮ್ಮನಿದ್ದೆ. ಇನ್ನೂ ಕೇಳಿರಿ. ಮರುದಿನ ಬೀರಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿದೆ. ಪೂಜಾರಿ ಏನು ಬೇಡಿಕೆ ತಂಗಿ ಅಂತ ಕೇಳಿದ. ದೊಡ್ಡ ಕಾರಿನ ಸುಂಕ ಇಳಿಯಲಿ ಅಂತ ಹೇಳಲಾಗುತ್ತದೆಯೇ? ಮನೆಯವರು ಮನೆಗೆ ಬರಲಿ ಅಂದೆ. ಎರಡೂ ಒಂದೇ ಅಲ್ಲವೇ. ಸಿಟ್ಟಾಗಿರಿ, ಆದರೆ ನಾನು ಹೀಗೇ ಇದ್ದೇನೆ ಅಂತ ನಿಮಗೆ ಗೊತ್ತಿರಲಿ. ನನಗೆ ನೀವು ಬೇಕು. ನಿಮ್ಮ ಪಗಾರದ ಮೇಲೆ ನಡೆಯುವ ಮನೆಯಲ್ಲಿ ಕೂತು ಹೀಗೆ ಬೇಡಿಕೊಳ್ಳುವುದು ತಪ್ಪು ಅಂತಲೂ ಗೊತ್ತು.

ಆ ಒಡಪು ಸುಳ್ಳಾಯಿತು ನೋಡಿರಿ. ಮನೆ ಇಲ್ಲೇ ಉಳಿಯಿತು, ನೀವು ಹೋದಿರಿ.

ಶ್ರೀದೇವಿಗೆ ಗಂಡು ಗೊತ್ತಾಗಿದೆ. ಬೀಳಗಿಯ ಹಾಲೇಶ, ಮುಧೋಳದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಮೇ ಮೊದಲ ವಾರ ಮದುವೆ. ಅವಳು ಹೋದ ಮೇಲೆ ನನ್ನ ಲಕೋಟೆಯ ಗತಿಯೇನು ಅಂತ ಈಗಿನಿಂದಲೇ ಚಿಂತೆ. ಅತ್ತೆಗೆ ಬರೆಯಲು ಬರುವುದಿಲ್ಲ. ಮಾವನಿಗೆ ಹೇಳಿದರೆ, ಫೋನ್ ಇದ್ದೂ ಸೊಸೆ ಗಂಡನಿಗೆ ಪತ್ರ ಬರೆಯುತ್ತಾಳೆ ಅಂತ ಮಗ್ಗದ ಮಂದಿಗೆಲ್ಲ ನಗೆಪಾಟಲು.

ನಿಮ್ಮ,
ಕಾಂಚನಾ

•

ಚಾಕಣ
15 ಮಾರ್ಚ್ 2026

ಕಾಂಚನಾಗೆ,

ಕಾಯಿ ಒಡೆಸಿದ್ದು ಓದಿ ಸಿಟ್ಟು ಬಂತು. ಮೂರು ವಾರ ಬೇಕೆಂದೇ ಉತ್ತರ ಬರೆಯಲಿಲ್ಲ. ಇಲ್ಲಿ ನೂರಾರು ಜನ ಆ ಸುಂಕ ಇಳಿಯದಿರಲಿ ಅಂತ ಬೇಡಿಕೊಳ್ಳುತ್ತಿದ್ದಾರೆ, ನನ್ನ ಹೆಂಡತಿ ಊರಲ್ಲಿ ಕೂತು ಉಲ್ಟಾ ಬೇಡುತ್ತಾಳೆ. ಆಮೇಲೆ ಉಳಿದ ಪಾಲಿನ ರೊಟ್ಟಿಯ ಸಾಲು ಇನ್ನೊಮ್ಮೆ ಓದಿದೆ, ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ. ಆದರೆ ನಮ್ಮ ಕಂಪನಿ ಮುಂದಿನ ಮಾದರಿಯನ್ನು ಇಲ್ಲಿ ಜೋಡಿಸುವುದಿಲ್ಲ ಅಂತ ಈಗಲೇ ನಿರ್ಧಾರ ಮಾಡಿದೆ. ಹಳೆಯ ಮಾದರಿಯ ಪೆಟ್ಟಿಗೆ ಮುಗಿಯುವವರೆಗೆ ನಮ್ಮ ಕೆಲಸ. ಗೋದಾಮಿನಲ್ಲಿ ಮೊದಲು ಪೆಟ್ಟಿಗೆಗಳ ನಡುವೆ ಓಡಾಡಲು ದಾರಿ ಇರುತ್ತಿರಲಿಲ್ಲ, ಈಗ ಮಧ್ಯಾಹ್ನದ ಹೊತ್ತು ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ.

ಒಂದು ಮಾತು ನಿನಗೆ ತಿಳಿಯಬೇಕು. ಊರಿಗೆ ಬರಬೇಕು ಅಂತ ನನಗೂ ದಿನಾ ಅನಿಸುತ್ತದೆ. ಆದರೆ ಈ ಕೆಲಸ ನನಗೆ ಇಷ್ಟ. ಗೇರ್‌ಬಾಕ್ಸು ಎಂಜಿನ್ನಿಗೆ ಸರಿಯಾಗಿ ಕೂತಾಗ ಒಂದು ಸಣ್ಣ ಸಪ್ಪಳ ಬರುತ್ತದೆ. ಅದನ್ನು ಕೇಳಿದರೆ ಆ ದಿನ ವ್ಯರ್ಥವಾಗಲಿಲ್ಲ ಅನಿಸುತ್ತದೆ. ಊರಿಗೆ ಬಂದರೆ ಅದು ಇರುವುದಿಲ್ಲ. ಇಲ್ಲಿದ್ದರೆ ನೀನಿರುವುದಿಲ್ಲ.

ಮದುವೆಗೆ ಬರುತ್ತೇನೆ, ರಜೆ ಬರೆದುಕೊಟ್ಟಿದ್ದೇನೆ.

ನಿನ್ನ,
ಪರಮಾನಂದ

•

ಚಾಕಣ
10 ಮೇ 2026

ಕಾಂಚನಾಗೆ,

ಮದುವೆಗೆ ಬಂದೆ, ಹೋದೆ, ನಿನ್ನ ಜೊತೆ ಕೂತು ಮಾತಾಡಲು ಆಗಲಿಲ್ಲ. ಮನೆತುಂಬ ಬೀಗರು. ನಾನು ಗಂಡಸರ ಜೊತೆ ಮಾಳಿಗೆಯ ಮೇಲೆ ಮಲಗಿದೆ, ನೀನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಬೀಳಗಿಯಲ್ಲಿ ಶ್ರೀದೇವಿಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿದಾಗ ಅವಳು ಒಡಪಿನಲ್ಲಿ ಹಾಲೇಶನ ಹೆಸರು ಹೇಳಿದಳಲ್ಲ, ಆಗ ನಾನು ನಿನ್ನ ಕಡೆ ನೋಡಿದೆ. ನೀನೂ ನೋಡುತ್ತಿದ್ದೆ. ಎರಡು ದಿನದಲ್ಲಿ ನಮಗೆ ಸಿಕ್ಕಿದ್ದು ಅಷ್ಟೇ.

ಈಗ ಮುಖ್ಯ ಮಾತು. ಈ ತಿಂಗಳ ಕೊನೆಗೆ ನಮ್ಮ ಸಾಲು ನಿಲ್ಲುತ್ತದೆ. ನಮಗೆ ಎರಡು ದಾರಿ ಕೊಟ್ಟಿದ್ದಾರೆ. ಒಂದು, ಮುಂಬೈ ಬಂದರಿನ ಹತ್ತಿರ ಉರಣದಲ್ಲಿ ಕಂಪನಿಯ ಯಾರ್ಡ್ ಇದೆ, ಹಡಗಿನಿಂದ ಇಳಿಯುವ ತಯಾರಾದ ಕಾರುಗಳನ್ನು ಪರೀಕ್ಷೆ ಮಾಡುವ ಕೆಲಸ. ರಜೆ ಇನ್ನೂ ಕಡಿಮೆ. ಇನ್ನೊಂದು, ಲೆಕ್ಕ ಮುಗಿಸಿಕೊಂಡು ಊರಿಗೆ ಬರುವುದು.

ನೀನು ಹೇಳಿದ ಹಾಗೆ ಮಾಡುತ್ತೇನೆ. ಫೋನಿನಲ್ಲಿ ಕೇಳುವುದಿಲ್ಲ, ಅಲ್ಲಿ ನಿನ್ನ ಬದಲು ಅಪ್ಪನೇ ಉತ್ತರ ಹೇಳುತ್ತಾನೆ, ನೀನು ಅವನೆದುರು ಬೇರೆ ಹೇಳಲಾರೆ. ಒಂದು ಸಾಲು ಬರೆ ಸಾಕು. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಪತ್ರ ಬರದಿದ್ದರೆ ಹೋಗಿರಿ ಅಂತಲೇ ನಿನ್ನ ಮಾತು ಎಂದು ತಿಳಿಯುತ್ತೇನೆ, ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನ,
ಪರಮಾನಂದ

•

ಬನಹಟ್ಟಿ
16 ಮೇ 2026

ನಮ್ಮ ಮನೆಯವರಿಗೆ,

ಬನ್ನಿ.

ಒಂದು ಸಾಲು ಕೇಳಿದ್ದಿರಿ, ಒಂದೇ ಶಬ್ದ ಸಾಕಾಯಿತು. ಆದರೂ ಹಾಳೆ ಖಾಲಿ ಬಿಡಲು ಮನಸ್ಸಿಲ್ಲ, ಬರೆಯುತ್ತೇನೆ. ನಮ್ಮೂರಲ್ಲಿ ಮಗ್ಗ ಕೆಟ್ಟರೆ ರಿಪೇರಿ ಮಾಡುವ ಜಾಬರ್ ಸಿಗುವುದಿಲ್ಲ. ಇರುವ ಒಬ್ಬ ಮುದುಕ ಬರುವುದರೊಳಗೆ ಎರಡು ದಿನ ಮಗ್ಗ ಸುಮ್ಮನೆ ನಿಂತಿರುತ್ತದೆ. ಎಂಜಿನ್ನು ಕೂಡಿಸಿದ ಕೈಗೆ ಪವರ್‌ಲೂಮು ಎಷ್ಟರದು? ಅದರಲ್ಲೂ ಸರಿಯಾಗಿ ಕೂತಾಗ ಒಂದು ಸಪ್ಪಳ ಬರುತ್ತದೆ, ಬಂದು ಕೇಳಿರಿ. ಮಾವ ಮೊದಲು ಗೊಣಗಿಯಾರು, ಅತ್ತೆ ಅವರನ್ನು ನೋಡಿಕೊಳ್ಳುತ್ತಾರೆ.

ಲಕೋಟೆಗೆ ಒಂದು ಉಪಾಯ ಹುಡುಕಿದ್ದೇನೆ. ಶ್ರೀದೇವಿ ಇಲ್ಲ, ಅದಕ್ಕೆ ನಿಮ್ಮ ಹೆಸರಿನ ಜಾಗದಲ್ಲಿ ನಿಮ್ಮ ನಂಬರನ್ನು ಬರೆದಿದ್ದೇನೆ. ಟೋಕನ್ ನಂಬರ್ 4417, ಗೇರ್‌ಬಾಕ್ಸ್ ಲೈನ್. ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ ಅಂದ ಮೇಲೆ ಹೆಸರೇಕೆ ಬೇಕು? ದುಂಡಗೆ ಬರೆದಿದ್ದೇನೆ ನೋಡಿರಿ. ನನ್ನ ಅಕ್ಷರ ನೋಡುವ ಆಸೆ ಇಷ್ಟರಲ್ಲೇ ತೀರಿಸಿಕೊಳ್ಳಿ.

ಟವೆಲ್ಲನ್ನು ಇವತ್ತು ಒಗೆದು ಹಾಕಿದೆ. ಇನ್ನು ಇಟ್ಟುಕೊಳ್ಳುವ ಕಾರಣವಿಲ್ಲ.

ನಿಮ್ಮ ದಾರಿ ನೋಡುವ,
ಕಾಂಚನಾ

•

ಉರಣ
12 ಜೂನ್ 2026

ಕಾಂಚನಾಗೆ,

ಯಾರ್ಡಿಗೆ ಬಂದು ಸೇರಿಕೊಂಡೆ.

ತಿಂಗಳ ಕೊನೆಯ ದಿನದವರೆಗೂ ಗೇಟಿಗೆ ಹೋಗಿ ಕೇಳಿದೆ. ಪರಮಾನಂದ ಅನ್ನುವ ಹೆಸರಿಗೆ ಏನೂ ಬಂದಿಲ್ಲ ಅಂದರು. ಮನಸ್ಸು ತಡೆಯದೆ ಫೋನ್ ಮಾಡಿದೆ, ಅಪ್ಪ ಸಿಕ್ಕ. "ಬಂದರದ ಕೆಲ್ಸ ಛಲೋನ ಐತಿ, ಬಿಡಬ್ಯಾಡ" ಅಂದ. ಕಾಂಚನಾಗೆ ಕೊಡು ಅಂದೆ. "ಆಕಿ ಮಗ್ಗದ ಮ್ಯಾಲ ಅದಾಳ" ಅಂದ. ನೀನು ಬರೆಯದೇ ಇರುವುದು ಎಷ್ಟು ಕಷ್ಟವಾಗಿರಬೇಕು ಅಂತ ನನಗೆ ಅರ್ಥವಾಯಿತು. ಮನೆ ನಡೆಯಬೇಕಲ್ಲ. ಬೇಸರವಿಲ್ಲ ಅಂತ ಬರೆದಿದ್ದೆ, ಅದು ಸುಳ್ಳು. ಬಹಳ ಬೇಸರವಾಗಿದೆ.

ಇಲ್ಲಿ ಮಳೆ ಹಿಡಿದಿದೆ. ಹಡಗಿನ ಹೊಟ್ಟೆಯಿಂದ ಕಾರುಗಳು ಒಂದರ ಹಿಂದೆ ಒಂದು ತಮ್ಮ ಚಕ್ರದ ಮೇಲೆಯೇ ಓಡುತ್ತ ಬರುತ್ತವೆ. ನಾನು ಬಣ್ಣ ನೋಡುತ್ತೇನೆ, ಗೀರು ಬಿದ್ದಿದೆಯೇ ನೋಡುತ್ತೇನೆ, ಮೇಲೆ ಅಂಟಿಸಿದ ಹಾಳೆ ಕೀಳುತ್ತೇನೆ. ಮೊದಲ ದಿನ ಒಂದರ ಬಾನೆಟ್ ಎತ್ತಿ ಒಳಗೆ ನೋಡಿದೆ. ಎಂಜಿನ್ನಿಗೆ ಗೇರ್‌ಬಾಕ್ಸನ್ನು ಅಲ್ಲಿ ಯಾರೋ ಕೂಡಿಸಿದ್ದಾರೆ. ಚೆನ್ನಾಗಿಯೇ ಕೂಡಿಸಿದ್ದಾರೆ. ಮುಚ್ಚಿ ಮುಂದಿನ ಕಾರಿಗೆ ಹೋದೆ.

ಕೆಳಗೆ ಯಾರ್ಡಿನ ವಿಳಾಸ ಬರೆದಿದ್ದೇನೆ. ಇಲ್ಲಿ ಇನ್ನೂ ನನಗೆ ನಂಬರು ಕೊಟ್ಟಿಲ್ಲ. ಬರೆಯಬೇಕು ಅನಿಸಿದರೆ ಬರೆ.

ನಿನ್ನ,
ಪರಮಾನಂದ

•

ಬನಹಟ್ಟಿ
20 ಜೂನ್ 2026

ಪರಮಾನಂದ,

ಹೌದು, ನಾನೇ ಬರೆದದ್ದು.

ತಿಂಗಳ ಕೊನೆಯಿಂದ ದಿನಾ ಪುಣೆ ಬಸ್ಸಿನ ಹೊತ್ತಿಗೆ ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದೆ. ಮಾವನಿಗೆ ದಾರ ಹರಿದಿದೆ ಅಂತ ಹೇಳುತ್ತಿದ್ದೆ. ನೀವು ಬರಲಿಲ್ಲ. ಕೆಲಸ ಬಿಡಿಸಿಕೊಳ್ಳುವುದಕ್ಕೆ ತಡವಾಗಿರಬೇಕು ಅಂದುಕೊಂಡೆ. ಫೋನ್ ಮಾಡಿದ್ದಿರಿ ಅಂತ ಮಾವ ನನಗೆ ಹೇಳಲೇ ಇಲ್ಲ. ಬಂದದ್ದು ನಿಮ್ಮ ಉರಣದ ಪತ್ರ. ಅದನ್ನು ಓದಿ ಮುಗಿಸುವುದರೊಳಗೆ ಪೋಸ್ಟಿನವನು ಇನ್ನೊಂದು ಕೈಗಿಟ್ಟ. ಅದು ನನ್ನದೇ ಪತ್ರ. ನಾನು ದುಂಡಗೆ ಬರೆದ ನಂಬರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಹೆಸರಿಲ್ಲ, ವಾಪಸ್ ಅಂತ ಬರೆದಿದ್ದರು. ನಿಮ್ಮ ಸಾಲು ಮುಚ್ಚುವ ಮೊದಲೇ ನಿಮ್ಮ ನಂಬರುಗಳನ್ನು ಪಟ್ಟಿಯಿಂದ ತೆಗೆದು ಹಾಕಿರಬೇಕು.

ನಿಮ್ಮ ಆಯುಷ್ಯ ಉಳಿಯಲಿ ಅಂತ ನಾನು ಹೆಸರು ಬರೆಯಲಿಲ್ಲ. ಅದಕ್ಕೆ ನೀವು ನನ್ನಿಂದ ಇನ್ನಷ್ಟು ದೂರ ಹೋದಿರಿ.

ಆ ಪತ್ರವನ್ನು ಒಡೆಯದೆ ಹಾಗೇ ಇದರೊಳಗೆ ಇಟ್ಟಿದ್ದೇನೆ. ಅದರಲ್ಲಿ ನೀವು ಕೇಳಿದ ಉತ್ತರ ಇದೆ. ಈಗಲೂ ಅದೇ ಉತ್ತರ.

ಮೇಲಿನ ಲಕೋಟೆಯನ್ನು ಅಡುಗೆಮನೆಯಲ್ಲಿ ಕೂತು ಬರೆದೆ. ಮೊದಲು ಇಂಗ್ಲಿಷಿನಲ್ಲಿ ಪರಮಾನಂದ ನಿಂಗಣ್ಣ ಮುಗಳಖೋಡ ಅಂತ ಬರೆದೆ. ಮಾವನ ಹೆಸರನ್ನೂ ಬರೆದಾಯಿತು, ಇನ್ನು ಬಿಡುವುದೇನಿದೆ. ನೋಡಿದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನ ಹೆಸರಿನ ಹಾಗೇ ಇತ್ತು. ಅದಕ್ಕೆ ಕೆಳಗೆ ಕನ್ನಡದಲ್ಲಿ ಬರೀ ಪರಮಾನಂದ ಅಂತ ಇನ್ನೊಮ್ಮೆ ಬರೆದೆ. ಅತ್ತೆ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಓದು ಬರದಿದ್ದರೂ ಮಗನ ಹೆಸರಿನ ಗುರುತು ಅವರಿಗಿದೆ. ನಾನು ಹೆದರಿದೆ. ಅವರು "ಬರಿ ಬೇ, ಪೂರಾ ಬರಿ. ಏನೂ ಆಗಂಗಿಲ್ಲ" ಅಂದು, ತಾವೇ ಅಂಟು ಹಚ್ಚಿಕೊಟ್ಟರು.

ನಿಮಗೆ ಬರಲು ಆಗದಿದ್ದರೆ ಹೇಳಿ, ಮಾಯಾಳನ್ನು ಕರೆದುಕೊಂಡು ನಾನೇ ಉರಣಕ್ಕೆ ಬರುತ್ತೇನೆ. ನೀವಿದ್ದಲ್ಲೇ ನನ್ನ ಮನೆ ಅಂತ ಹೊಸ್ತಿಲಲ್ಲಿ ಎಲ್ಲರೆದುರು ಹೇಳಿದವಳು ನಾನು. ಸಾವಕಾರರು ಗಾಡಿ ಇನ್ನೂ ಸೋವಿಯಾಗಲಿ ಅಂತ ಕಾಯುತ್ತಲೇ ಇದ್ದಾರೆ. ನನ್ನ ಕೈಯಲ್ಲಿ ಇನ್ನು ಕಾಯಲು ಆಗುವುದಿಲ್ಲ.

ನಿಮ್ಮ,
ಕಾಂಚನಾ

•

ಉರಣ
30 ಜೂನ್ 2026

ಕಾಂಚನಾಗೆ,

ಮಳೆಯಲ್ಲಿ ನಿಂತು ಕೆಲಸ ಮಾಡುತ್ತಿದ್ದೆ, ಗೇಟಿನ ವಾಚ್‌ಮನ್ ನನ್ನ ಪೂರ್ತಿ ಹೆಸರು ಹಿಡಿದು ಕೂಗಿದ. ಕೈ ಒರೆಸಿಕೊಂಡು ಹೋಗಿ ಇಸಿದುಕೊಂಡೆ. ಅವನು ಮರಾಠಿಯವನು. ಕೆಳಗೆ ಕನ್ನಡದಲ್ಲಿ ಬರೆದಿದ್ದರ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದ. ನನ್ನ ಹೆಸರು ಅಂದೆ. ಮೇಲೆ ಒಂದು ಸಲ ಬರೆದಿದೆಯಲ್ಲ ಅಂದ. ಅದು ಬೇರೆ, ಇದು ಬೇರೆ ಅಂದೆ.

ಲಕೋಟೆಯನ್ನು ಒಡೆಯುವ ಮೊದಲು ಬಹಳ ಹೊತ್ತು ನೋಡಿದೆ. ದ ಅಕ್ಷರವನ್ನು ನೀನು ಸ್ವಲ್ಪ ಓರೆ ಬರೆಯುತ್ತೀ. ಒಳಗೆ ಹಳೆಯ ಲಕೋಟೆ, ಅದರೊಳಗೆ ನಿನ್ನ ಒಂದು ಶಬ್ದ. ಅಂದೇ ಸಂಜೆ ಕೆಲಸ ಬಿಡುವುದಾಗಿ ಬರೆದುಕೊಟ್ಟೆ. ಒಂದು ತಿಂಗಳು ಇಲ್ಲಿರಲೇಬೇಕು. ಅದು ಮುಗಿದ ಮರುದಿನ ಬಸ್ಸು ಹತ್ತುತ್ತೇನೆ, ಪಂಚಮಿಗೆ ಮೊದಲೇ ಬನಹಟ್ಟಿಯಲ್ಲಿರುತ್ತೇನೆ. ಹಬ್ಬಕ್ಕೆ ತವರಿಗೆ ಹೋಗುವುದಿದ್ದರೆ ಹೋಗು, ಆದರೆ ನಾನು ಬರುವ ದಿನ ಮನೆಯಲ್ಲಿರು. ಆ ಮುದುಕ ಜಾಬರನಿಗೆ ಹೇಳಿಡು, ಮಗ್ಗದ ಕೆಲಸ ಅವನ ಕೈಕೆಳಗೆ ಮೊದಲಿನಿಂದ ಕಲಿಯುತ್ತೇನೆ.

ಒಂದೇ ಮಾತು ನಡೆಸಿಕೊಡಬೇಕು. ಬಂದ ದಿನ ನಾನು ಒಳಗೆ ನುಗ್ಗುವುದಿಲ್ಲ, ಚೀಲ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಲ್ಲುತ್ತೇನೆ. ನೀನು ನಾಲ್ಕೂ ಮಗ್ಗ ನಿಲ್ಲಿಸು. ಅಪ್ಪ, ಅವ್ವ, ಓಣಿಯ ಮಂದಿ ಯಾರಿದ್ದರೂ ಇರಲಿ. ನೀನು ಹೆಸರು ಹಿಡಿದು ಕರೆ, ಒಳಗೆ ಬರುತ್ತೇನೆ.

ನಿನ್ನ,
ಪರಮಾನಂದ